ಮುಂಬಯಿಗೆ ಹೋದ ಮಣೆ

ನಮ್ಮ ಮನೆಯಲ್ಲಿ ಹಬ್ಬದ ಊಟಕ್ಕೆ ಪಂಕ್ತಿ ಕೂತಾಗಲೆಲ್ಲ ಒಬ್ಬರು ಬರಿ ನೆಲದ ಮೇಲೆ ಕೂಡಬೇಕಾಗುತ್ತದೆ. ಆ ಒಬ್ಬರು ಯಾವಾಗಲೂ ನಾನೇ. ನನ್ನ ಹೆಂಡತಿ ಗಿರಿಜಾಳ ತವರು ಕಿತ್ತೂರು. ಮದುವೆಯಲ್ಲಿ ಅವರು ಕೊಟ್ಟ ಸಾಗವಾನಿ ಮಣೆಗಳು ಇಂದಿಗೂ ನಮ್ಮ ಅಡಿಗೆಮನೆಯ ಗೋಡೆಗೆ ಒರಗಿ ನಿಂತಿವೆ. ಒಂದೊಂದರ ನಾಲ್ಕು ಮೂಲೆಗೂ ಹಿತ್ತಾಳೆಯ ಪುಟ್ಟ ಹೂವು. ಅವುಗಳಲ್ಲಿ ಒಂದು ಕಡಿಮೆ. ಹೊಸ ನೆಂಟರು ಯಾರಾದರೂ ಸುಮ್ಮನಿರಲಾರದೆ, "ಯಜಮಾನರಿಗೆ ಮಣಿ ಇಲ್ಲೇನ್ರಿ?" ಎಂದು ಕೇಳಿದರೆ, ಗಿರಿಜಾ ಹೋಳಿಗೆ ಬಡಿಸುವ ಕೈ ನಿಲ್ಲಿಸದೆ, "ಅವರ ಮಣಿ ಪ್ಲೇಟಿನ್ಯಾಗ ಐತ್ರಿ" ಎನ್ನುತ್ತಾಳೆ. ಕೇಳಿದವರು ಗಾಬರಿಯಾಗಿ ತಮ್ಮ ಮುಂದಿನ ತಾಟು ನೋಡಿಕೊಳ್ಳುತ್ತಾರೆ. ಪ್ಲೇಟು ಎಂದರೆ ಹಾಡಿನ ಪ್ಲೇಟು, ಗ್ರಾಮಫೋನಿನದು ಎಂದು ನಾನು ವಿವರಿಸಲು ಹೋಗುತ್ತೇನೆ. ಅಷ್ಟರಲ್ಲಿ ನನ್ನ ಸಾರು ಆರಿರುತ್ತದೆ.

ಅವಳಿಗೆ ನನ್ನ ಮೇಲೆ ಇನ್ನೊಂದು ದೂರೂ ಇದೆ. ಯಾರಾದರೂ ಹಾಡುತ್ತ ಒಂದು ಸ್ವರವನ್ನು ಬಹಳ ಹೊತ್ತು ಹಿಡಿದರೆ ನಾನು ಎದ್ದು ನಿಲ್ಲುತ್ತೇನೆ. ಬರೀ ನಿಲ್ಲುವುದಾಗಿದ್ದರೆ ಅಡ್ಡಿಯಿರಲಿಲ್ಲ, ಸಂಗೀತಕ್ಕೆ ಮರ್ಯಾದೆ ಕೊಡುತ್ತಾನೆ ಎಂದುಕೊಂಡಾರು. ನಾನು ಕುರ್ಚಿಯನ್ನೂ ಎತ್ತಿಕೊಳ್ಳುತ್ತೇನೆ. ಮೊನ್ನೆ ಸವದತ್ತಿಯಲ್ಲಿ ಒಂದು ಮದುವೆ. ಹುಡುಗಿಯೊಬ್ಬಳು ಬಹಳ ಚೆನ್ನಾಗಿ ಹಾಡುತ್ತಿದ್ದಳು. ಕಣ್ಣು ಮುಚ್ಚಿ ಮೇಲಿನ ಸ್ವರ ಹಿಡಿದಳು. ನನಗೆ ಎಚ್ಚರವಾಗುವಷ್ಟರಲ್ಲಿ ನನ್ನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಗಿರಿಜಾಳ ಕೈಯಲ್ಲಿ ನನ್ನ ಅಂಗಿಯ ಚುಂಗು ಇತ್ತು.

"ಏನ್ರಿ, ಕೂಡ್ರಿ. ಆಕಿಗೇನೂ ಆಗಿಲ್ಲ. ಹಾಡಾಕ್ಹತ್ಯಾಳ."

ಮಣೆ ಹೋಗಿದ್ದಕ್ಕೂ ಕುರ್ಚಿ ಎತ್ತುವುದಕ್ಕೂ ಕಾರಣ ಒಬ್ಬನೇ. ಕಟಕೋಳದ ಚನಬಸು. ಅವನ ಹೆಸರು ಹೇಳುವಾಗ ನನಗೆ ಈಗಲೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉಳಿದದ್ದು.

ರಾಮದುರ್ಗದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಧಾರವಾಡಕ್ಕೆ ಹೋಗಿ ಕಾಲೇಜು ಕಲಿತು, ಭೌತಶಾಸ್ತ್ರದ ಪದವಿ ಹಿಡಿದುಕೊಂಡು ಬೈಲಹೊಂಗಲದ ಒಂದು ಶಾಲೆಯಲ್ಲಿ ಮಾಸ್ತರನಾದೆ. ಚನಬಸು ಮೆಟ್ರಿಕ್ಕಿನಲ್ಲಿ ನಪಾಸಾಗಿ ಮನೆಯ ಜೋಳದ ಹೊಲಕ್ಕೆ ಹೋದ. ಅಲ್ಲಿ ಜೋಳ ಎಷ್ಟು ಬೆಳೆದನೋ ತಿಳಿಯದು, ಹಾಡು ಬೆಳೆದ. ನಮ್ಮ ಕಡೆ ಹಾಡುವವರಿಗೇನು ಕಡಿಮೆ? ವಚನ ಹಾಡುತ್ತಿದ್ದರು, ತತ್ವಪದ ಹಾಡುತ್ತಿದ್ದರು, ನಾಟಕದ ಪದ ಹಾಡುತ್ತಿದ್ದರು. ಆದರೆ ತಾನೇ ಬರೆದು, ತಾನೇ ಧಾಟಿ ಹಚ್ಚಿ, ತಾನೇ ಹಾಡುವವನು ಇವನೊಬ್ಬನೇ. ಅದೂ ಎಂಥ ಸಂಗತಿಗಳ ಮೇಲೆ! ಮುರಿದ ಕೊಡೆ. ದಾರಿ ತಪ್ಪದ ಎಮ್ಮೆ. ಸುರೇಬಾನದಲ್ಲಿ ನಿಂತು ರಾಮದುರ್ಗದ ಬಸ್ಸಿಗೆ ಕಾಯುವವನು. ಅಂಥ ಸಂಗತಿಗಳನ್ನು ಹಾಡಿ ಮುಗಿಸುವಷ್ಟರಲ್ಲಿ ಕೇಳಿದವರು ಧೋತರದ ಚುಂಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. "ಇದು ದೇವರ ಹಾಡೋ, ಹೆಣ್ಣಿನ ಹಾಡೋ?" ಎಂದು ಹಿರಿಯರು ಕೇಳಿದರೆ, "ಕೇಳಿದವರಿಗೆ ಯಾರ ನೆನಪಾಗ್ತೈತೋ ಅವರ ಹಾಡ್ರಿ" ಎಂದು ತಪ್ಪಿಸಿಕೊಳ್ಳುತ್ತಿದ್ದ.

ಎಪ್ಪತ್ತರ ದಶಕದ ಆರಂಭದಲ್ಲಿ ಅವನ ಮೊದಲ ಪ್ಲೇಟು ಬಂತು. ಮುಂಬಯಿಯ ಒಂದು ಸ್ಟುಡಿಯೋದಲ್ಲಿ ಹಾಡಿಸಿದ್ದರು. ಸಣ್ಣ ಪ್ಲೇಟು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಲಕೋಟೆಗೆ ಫೋಟೋ ಬೇಕೆಂದಾಗ ಕಿತ್ತೂರಿನ ಫೋಟೋದವನು ಇವನನ್ನು ದೇಗಾಂವದ ಕಮಲನಾರಾಯಣ ಗುಡಿಗೆ ಕರೆದೊಯ್ದು, ತನ್ನದೇ ಕೋಟು ತೊಡಿಸಿ, ಕಂಬಕ್ಕೆ ಒರಗಿಸಿ ನಿಲ್ಲಿಸಿದ. ಕೋಟಿನ ತೋಳು ಮೊಣಕೈಯ ಸ್ವಲ್ಪ ಕೆಳಗೆ ಮುಗಿದುಹೋಗಿತ್ತು. ಚನಬಸು ಕೈ ಬೆನ್ನ ಹಿಂದೆ ಇಟ್ಟುಕೊಂಡ. ಇದನ್ನು ನೋಡಿದ ಪತ್ರಿಕೆಯವನೊಬ್ಬ ಕವಿ ಗಂಭೀರ ಚಿಂತನೆಯಲ್ಲಿದ್ದಾನೆ ಎಂದು ಬರೆದ.

ಆ ಪ್ಲೇಟಿನಲ್ಲಿ ಹಾಡಿಗಿಂತ ಕೆಳಗೆ, ಹಾರ್ಮೋನಿಯಮ್ಮಿಗಿಂತಲೂ ಕೆಳಗೆ, ಇನ್ನೊಂದು ಸಪ್ಪಳವಿದೆ. ಧಪ್, ಧಪ್, ಧಪ್. ಅದು ಚನಬಸುವಿನ ಹಿಮ್ಮಡಿ. ಅವನು ಬರಿಗಾಲಲ್ಲಿ ನಿಂತೇ ಹಾಡಬೇಕು, ಬಲಗಾಲ ಹಿಮ್ಮಡಿಯಿಂದ ನೆಲಕ್ಕೆ ತಾಳ ಹಾಕಲೇಬೇಕು. ಸ್ಟುಡಿಯೋದವರು ಕಾಲಡಿಗೆ ಕಂಬಳಿ ಮಡಿಸಿ ಹಾಕಿದರಂತೆ. ಹಿಮ್ಮಡಿಗೆ ನೆಲ ಸಿಗಲಿಲ್ಲ, ಹಾಡಿಗೆ ತಾಳ ಸಿಗಲಿಲ್ಲ. ಬೇಸತ್ತು ಕಂಬಳಿ ತೆಗೆದರು. ಎರಡನೆಯ ಪ್ಲೇಟಿನಲ್ಲೂ ಅದು ಹಾಗೇ ಇದೆ. ನಾನು ಆ ಎರಡನ್ನೂ ಎಷ್ಟು ಕೇಳಿದೆನೆಂದರೆ, ಹಾಡು ಮರೆತರೂ ಹಿಮ್ಮಡಿ ಮರೆಯುತ್ತಿರಲಿಲ್ಲ.

ಎಲ್ಲಿ ಕೇಳಿದೆ ಎಂದಿರಾ? ನನ್ನ ಹತ್ತಿರ ಪ್ಲೇಟು ಹಾಕುವ ಪೆಟ್ಟಿಗೆ ಇರಲಿಲ್ಲ. ಸವದತ್ತಿಯ ನನ್ನ ಸೋದರಮಾವನ ಹತ್ತಿರ ಇತ್ತು. ಆದರೆ ಅವನ ಭಕ್ತಿ ವಿಪರೀತ. ದಸರೆಯಲ್ಲಿ ಖಂಡೆಪೂಜೆಗೆ ಕುಡಗೋಲು, ಮಿಣಿ, ನೇಗಿಲು ಇಟ್ಟಂತೆ ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ಸಾಲಾಗಿ ಇಟ್ಟ. ಪೆಟ್ಟಿಗೆಗೆ ವಿಭೂತಿ ಹಚ್ಚಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಪ್ಲೇಟಿನ ಮೇಲೇ, ಹಾಡು ಕೊರೆದ ಗೆರೆಗಳ ಮೇಲೇ, ಮೂರು ಬೆರಳಿನಿಂದ ದಪ್ಪಗೆ ಎಳೆದ. ಮೇಲೆ ಕುಂಕುಮ. ಆಮೇಲೆ ಹಾಕಿದರೆ ಕರ್ ಕರ್ ಎಂಬುದೊಂದು ಬಿಟ್ಟು ಏನೂ ಕೇಳಲಿಲ್ಲ.

"ಮಾಮಾ, ಒರಸೂಣು ತಡಿ" ಎಂದೆ.

"ಪೂಜಿ ಮಾಡಿದ್ದು ಒರಸ್ತಾರೇನಲೇ? ಕಾಲೇಜ ಕಲತು ಹಿಂಗಾದ್ರೆಲ್ಲಾ ನೀವು" ಎಂದ. ಆ ವರ್ಷ ಅವನ ಮನೆಗೆ ನಾನು ಹೋಗಲಿಲ್ಲ.

ಹೀಗಾಗಿ ನನಗೆ ಗತಿಯಾದದ್ದು ಬೈಲಹೊಂಗಲದ ರುದ್ರಪ್ಪನ ಚಾದಂಗಡಿ. ರುದ್ರಪ್ಪನಿಗೆ ಪ್ಲೇಟಿನ ಮೇಲೆ ಭಕ್ತಿ ಇರಲಿಲ್ಲ, ಪ್ರೀತಿ ಇತ್ತು. ಅದು ಇನ್ನೂ ಕೆಟ್ಟದ್ದು. ಚಾ ಸೋಸಿದ ಕೈಯಲ್ಲೇ ಪ್ಲೇಟು ಹಿಡಿಯುತ್ತಿದ್ದ. ಸೂಜಿ ಜಿಗಿಯಬಾರದೆಂದು ಅದರ ನೆತ್ತಿಗೆ ನಾಲ್ಕಾಣೆಯ ಬಿಲ್ಲೆ ಅಂಟಿಸಿದ್ದ. ಎರಡನೆಯ ಪ್ಲೇಟಿನಲ್ಲಿ ಬಸ್ಸಿಗೆ ಕಾಯುವವನ ಹಾಡು ಇದೆಯಲ್ಲ, ಅದರ ಪಲ್ಲವಿ, "ನಿಂತೇನಿ ನಾ ನಿಂತೇನಿ, ನೀ ಬರೋ ತನಕಾ" ಎಂದು. ಆ "ತನಕಾ" ಎನ್ನುವಲ್ಲಿ ಚನಬಸು ಸ್ವರವನ್ನು ಉದ್ದಕ್ಕೆ ಎಳೆಯುತ್ತಾನೆ. ಬಿಲ್ಲೆಯ ಭಾರಕ್ಕೆ ಸರಿಯಾಗಿ ಅಲ್ಲೇ ಗೆರೆ ಸವೆದು, ಸೂಜಿ ಸಿಕ್ಕಿಕೊಳ್ಳತೊಡಗಿತು. ಕಾ, ಕಾ, ಕಾ, ಕಾ. ಗಿರಾಕಿಗಳೆಲ್ಲ ಒಂದೇ ದನಿಯಲ್ಲಿ "ರುದ್ರಪ್ಪಣ್ಣಾ, ಸೂಜಿ ಎತ್ರಿ!" ಎಂದು ಕೂಗುವರು. ರುದ್ರಪ್ಪ ಟೇಬಲ್ಲಿಗೆ ಒಂದು ಗುದ್ದು ಹಾಕುವನು. ಹಾಡು ಮುಂದೆ ಹೋಗುವುದು.

ಹೊಸ ಪ್ಲೇಟು ತರಿಸಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಹೇಳಿದೆ. ರುದ್ರಪ್ಪ ನನ್ನನ್ನು ಕನಿಕರದಿಂದ ನೋಡಿ, "ಹೊಸಾದ್ರಾಗ ಗುದ್ದ ಎಲ್ಲಿ ಹಾಕೋದ್ರಿ ಮಾಸ್ತರ?" ಎಂದ. ಊರಿನ ಅರ್ಧ ಜನ ಚಾ ಕುಡಿಯಲಿಕ್ಕಲ್ಲ, ಆ ಗುದ್ದು ಕೇಳಲಿಕ್ಕೆ ಬರುತ್ತಿದ್ದರು. ಮಕ್ಕಳು ಆ ಹಾಡು ಹಾಡುವಾಗ ಕಾ ಕಾ ಎಂದು ನಿಂತು, ಗೋಡೆಗೆ ಗುದ್ದಿ, ಮುಂದೆ ಹೋಗುತ್ತಿದ್ದರು. ಹಾಡು ಇರುವುದೇ ಹಾಗೆ ಎಂದು ಅವರು ತಿಳಿದಿದ್ದರು.

ಚನಬಸು ಮೊದಲ ಸಲ ಬೈಲಹೊಂಗಲದಲ್ಲಿ ಹಾಡಲು ಬಂದಾಗ ಆ ಜಾಗವನ್ನು ಸರಾಗವಾಗಿ ದಾಟಿಬಿಟ್ಟ. ಜನಕ್ಕೆ ಭಾರಿ ನಿರಾಸೆ. "ಪ್ಲೇಟಿನ್ಯಾಗ ಇದ್ದಂಗ ಹಾಡ್ರಿ!" ಎಂದು ಗಲಾಟೆ ಎಬ್ಬಿಸಿದರು. ಸಂಗತಿ ತಿಳಿದು ಅವನು ಹೊಟ್ಟೆ ಹಿಡಿದು ನಕ್ಕ. ತನ್ನ ಹಾಡನ್ನು ಕೆಡಿಸಿದ್ದಾರೆ ಎಂದು ಸಿಟ್ಟಾಗುವ ಬದಲು, ಮರುಸಲ ಮೈಕಿನ ಕೋಲನ್ನು ಒಂದು ಕೈಯಲ್ಲಿ ಹಿಡಿದು, ಪ್ಲೇಟಿನ ಮೇಲೆ ಬಾಗಿದ ಸೂಜಿಯಂತೆ ಮೈ ಬಾಗಿಸಿ, "ತನಕಾ" ಎಂದು ಸಿಕ್ಕಿಕೊಂಡು ನಿಂತುಬಿಟ್ಟ. ಜನ "ಸೂಜಿ ಎತ್ರಿ!" ಎಂದರು. ಸಭೆಯಲ್ಲಿದ್ದ ರುದ್ರಪ್ಪ ಎದ್ದು ಜೋರಾಗಿ ಒಂದು ಚಪ್ಪಾಳೆ ಬಡಿದ. ಹಾಡು ಮುಂದೆ ಹೋಯಿತು. ಅಂದಿನಿಂದ ನಮ್ಮ ಕಡೆಯ ತಾಲೂಕುಗಳಲ್ಲೆಲ್ಲ ಅದೊಂದು ಪದ್ಧತಿಯೇ ಆಯಿತು. ನನಗೆ ಅದು ಸೇರುತ್ತಿರಲಿಲ್ಲ. ಅಂಥ ಹಾಡನ್ನು ಗೊಂಬೆಯಾಟ ಮಾಡಿದ್ದಾನೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು. ಸಿಕ್ಕಿಕೊಂಡಂತೆ ನಟಿಸುವಾಗಲೂ ಅವನ ಹಿಮ್ಮಡಿ ನಿಲ್ಲುತ್ತಿರಲಿಲ್ಲ. ಬಾಯಿ ನಿಂತಿರುತ್ತಿತ್ತು, ಧಪ್ ಧಪ್ ನಡೆದಿರುತ್ತಿತ್ತು. ಎಷ್ಟು ಹೊತ್ತು ನಿಂತರೂ ಸರಿಯಾದ ತಾಳಕ್ಕೇ ಬಂದು ಸೇರುತ್ತಿದ್ದುದು ಅದರಿಂದಲೇ.

ಈಗ ರಾಮದುರ್ಗದ ಗಣಪತಿ ಪೆಂಡಾಲಿಗೆ ಬರುತ್ತೇನೆ. ಬರಲು ಮನಸ್ಸಿಲ್ಲ. ಆದರೆ ನಾನು ಬಯಸಲಿ ಬಿಡಲಿ, ವಾರಕ್ಕೊಮ್ಮೆಯಾದರೂ ನನ್ನ ತಲೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿಯೇ ಹೋಗುತ್ತದೆ.

ಮಧ್ಯಾಹ್ನ ಜಿನುಗು ಮಳೆಯಾಗಿ ನಿಂತಿತ್ತು. ಸಂಜೆಗೆ ಬಿಸಿಲು ಹೊಳೆಯಿತು. ಕಲ್ಲಿನ ಕಟ್ಟೆಯ ಮೇಲೆ ಹಾಸಿದ ಜಮಖಾನೆ ತೊಯ್ದು ಹಿಂಡುವಂತಿತ್ತು. ಚನಬಸು ಚಪ್ಪಲಿಯನ್ನು ಕೆಳಗೇ ಬಿಟ್ಟು, ಕಟ್ಟೆಗೆ ನಮಸ್ಕರಿಸಿ, ಅದರ ಮೇಲೆ ಬರಿಗಾಲಲ್ಲಿ ಹತ್ತಿ ನಿಂತ. ಮೈಕಿನ ಕೋಲು ಮುಟ್ಟಿದವನೇ ಕೈ ಹಿಂದಕ್ಕೆಳೆದ.

"ಮಲ್ಲಪ್ಪಣ್ಣ, ಇದು ಜುಂ ಅಂತೈತೆಲ್ಲೋ!"

ಮಲ್ಲಪ್ಪ ಮೈಕಿನವನು. ಪೆಂಡಾಲಿನ ಮೂಲೆಯಿಂದ, "ನಿಮ್ಮ ಹಾಡ ನೆನಿಸಿಕೊಂಡು ಅದಕ್ಕೂ ಮೈ ಜುಂ ಅಂದೈತ್ರಿ!" ಎಂದು ಕೂಗಿದ. ಜನ ನಕ್ಕರು. ನಾನು ಎದ್ದು ಮಲ್ಲಪ್ಪನ ಹತ್ತಿರ ಹೋದೆ.

"ಮೈಕಿಗೆ ಅರ್ಥಿಂಗ್ ಕೊಟ್ಟಿಯೇನಪಾ?"

"ಕೊಟ್ಟೇನಲ್ರಿ ಮಾಸ್ತರ. ಅಕಾ ನೋಡ್ರಿ."

ನೋಡಿದೆ. ಶೋಭೆಗೆಂದು ಇಟ್ಟಿದ್ದ ಒಂದು ಹೂವಿನ ಕುಂಡದಲ್ಲಿ, ಸೇವಂತಿಗೆ ಗಿಡದ ಬುಡಕ್ಕೆ, ತಂತಿಯನ್ನು ಚುಚ್ಚಿದ್ದ.

"ಇದು ಕುಂಡಿ ಮಾರಾಯಾ! ಭೂಮಿಗೆ ಕೊಡಬೇಕು!"

"ಅದರಾಗಿರೋದು ಮಣ್ಣ ಅಲ್ಲೇನ್ರಿ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ವಾಹಕ, ಅವಾಹಕ ಎಂದು ಶುರು ಮಾಡಿದೆ. ಗಣಪತಿ ಮಂಡಳಿಯ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಠಾ ನಾಳೆ ಮಾಡ್ರಿ ಮಾಸ್ತರ, ಮಂದಿ ಕುಂತೈತಿ" ಎಂದು ತಳ್ಳಿಕೊಂಡು ಬಂದರು. ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರಿಗೆಂದು ಕಬ್ಬಿಣದ ಮಡಚುವ ಕುರ್ಚಿ ಹಾಕಿದ್ದರು. ಅದರಲ್ಲೊಂದು ಖಾಲಿ ಇತ್ತು. ಅದರಲ್ಲಿ ನನ್ನನ್ನು ಕೂಡಿಸಲು ಬಂದವರು, ಅಷ್ಟರಲ್ಲಿ ಯಾರೋ ಸಾಹೇಬರು ಬಂದದ್ದರಿಂದ, ಬದಿಗೆ ಶಾಲೆಯಿಂದ ತಂದಿಟ್ಟ ಕಟ್ಟಿಗೆಯ ಕುರ್ಚಿಯಲ್ಲಿ ಕೂಡಿಸಿದರು. ಆಗ ನನಗೆ ಅವಮಾನವಾಯಿತು. ಈಗ ಆ ಸಾಹೇಬರು ಯಾರೆಂದು ತಿಳಿದರೆ ಅವರ ಕಾಲು ಮುಟ್ಟಿ ಬರುತ್ತೇನೆ.

ಮೊದಲ ಹಾಡುಗಳನ್ನು ಚನಬಸು ಕೋಲು ಮುಟ್ಟದೆ ಹಾಡಿದ. ಚೆನ್ನಾಗಿಯೇ ಹಾಡಿದ. ಕೊಡೆಯ ಹಾಡು ಆಯಿತು, ಎಮ್ಮೆಯ ಹಾಡು ಆಯಿತು. ಹಾರ್ಮೋನಿಯಂ ಬಸ್ಸಿನ ಹಾಡಿಗೆ ಹೊರಳಿದ ಕೂಡಲೇ ಜನ ಸರಿದು ಕೂತರು. ಬೈಲಹೊಂಗಲದಿಂದ ಬಂದಿದ್ದ ರುದ್ರಪ್ಪ ಧೋತರದ ಅಂಚಿಗೆ ಕೈ ಒರಸಿಕೊಂಡು ತಯಾರಾದ. "ನಿಂತೇನಿ ನಾ ನಿಂತೇನಿ, ನೀ ಬರೋ ತನಕಾ" ಎನ್ನುತ್ತ ಚನಬಸು ರೂಢಿಯಂತೆ ಕೋಲು ಹಿಡಿದ. ಮೈ ಬಾಗಿತು. ಸ್ವರ ಅಲ್ಲೇ ಸಿಕ್ಕಿಕೊಂಡು ನಿಂತಿತು.

"ಸೂಜಿ ಎತ್ರಿ!" ಎಂದಿತು ಇಡೀ ಪೆಂಡಾಲು.

ರುದ್ರಪ್ಪ ಎದ್ದು ಚಪ್ಪಾಳೆ ಬಡಿದ. ಹಾಡು ಮುಂದೆ ಹೋಗಲಿಲ್ಲ. ಜನಕ್ಕೆ ಇನ್ನೂ ಖುಷಿ. "ಗಟ್ಟಿ ಬಡೀರಿ ರುದ್ರಪ್ಪಣ್ಣ, ಊಟಾ ಮಾಡಿಲ್ಲೇನು?" ಎಂದರು. ಅವನು ಇನ್ನೊಮ್ಮೆ ಬಡಿದ. ಹಾರ್ಮೋನಿಯಮ್ಮಿನವನು ನಗುತ್ತ ಅದೇ ಸ್ವರ ಒತ್ತಿ ಹಿಡಿದಿದ್ದ. ಚನಬಸುವಿನ ಸ್ವರ ಸಣ್ಣಗೆ ನಡುಗುತ್ತಿತ್ತು. "ವ್ಹಾ! ವ್ಹಾ!" ಎಂದರು ಮುಂದಿನ ಸಾಲಿನವರು.

ನಾನು ವಿದ್ಯುತ್ತಿನ ಪಾಠ ಹೇಳುವವನು. ಆದರೆ ಆ ಗಳಿಗೆಯಲ್ಲಿ ನನಗೆ ವಿದ್ಯುತ್ತು ನೆನಪಾಗಲಿಲ್ಲ, ತಂತಿಯಾಗಲಿ ಹೂವಿನ ಕುಂಡವಾಗಲಿ ನೆನಪಾಗಲಿಲ್ಲ. ಏನೋ ಒಂದು ಇರಬೇಕಾದದ್ದು ಇಲ್ಲ ಎನಿಸಿತು. ಮನೆಯ ಗಡಿಯಾರ ನಿಂತಾಗ ಮೊದಲು ಕಿವಿಗೆ ತಿಳಿದು ಆಮೇಲೆ ಬುದ್ಧಿಗೆ ತಿಳಿಯುತ್ತದಲ್ಲ, ಹಾಗೆ.

ಹಿಮ್ಮಡಿ ಇರಲಿಲ್ಲ.

ಅವನ ಬಲಗಾಲು ಜಮಖಾನೆಗೆ ಅಂಟಿಕೊಂಡಂತೆ ನಿಂತಿತ್ತು. ಬೆರಳುಗಳು ಒಳಕ್ಕೆ ಮುದುಡಿದ್ದವು.

ಆಮೇಲೆ ನಡೆದದ್ದನ್ನು ನಾನು ಸಾವಿರ ಸಲ ನೋಡಿದ್ದೇನೆ. ನಾನು ಏಳುತ್ತೇನೆ, ಕುರ್ಚಿ ಎತ್ತುತ್ತೇನೆ, ಕಟ್ಟೆ ಹತ್ತುತ್ತೇನೆ. ಕನಸಿನಲ್ಲಿ ಪ್ರತಿಸಲವೂ ಆ ಕುರ್ಚಿ ಕಬ್ಬಿಣದ್ದಾಗಿರುತ್ತದೆ. ನಿಜದಲ್ಲಿ ಅದು ಕಟ್ಟಿಗೆಯದು. ಎರಡೂ ಕೈಯಿಂದ ಬೀಸಿ ಕೋಲಿಗೆ ಹೊಡೆದೆ. ಕೋಲು ಅವನ ಕೈಯಿಂದ ಕಿತ್ತು ಹೋಗಿ ಬಿತ್ತು, ತಂತಿ ಜಗ್ಗಿ ಎಲ್ಲಿಯೋ ಪ್ಲಗ್ಗು ಕಳಚಿತು, ಧ್ವನಿವರ್ಧಕದ ಭೋಂಗಾ ಒಮ್ಮೆ ಕಿರುಚಿ ಸುಮ್ಮನಾಯಿತು, ಚನಬಸು ಕಡಿದ ಬಾಳೆಯ ಹಾಗೆ ಕುಸಿದ. ಕುರ್ಚಿಯ ಒಂದು ಕಾಲು ಮುರಿದು ನನ್ನ ಕೈಯಲ್ಲೇ ಉಳಿಯಿತು.

ಆಮೇಲೆ ನನ್ನ ಕಪಾಳಕ್ಕೆ ಯಾರೋ ಹೊಡೆದರು.

"ಏನ್ ಧಾಡಿ ಆಗೇತಿ ನಿನಗ? ಛಲೋ ಹಾಡಾಕ್ಹತ್ತಿದ್ನಲ್ಲೋ!"

"ಕರೆಂಟು! ಕರೆಂಟು ಹಿಡಿದಿತ್ತು!" ಎಂದು ನಾನು ಅರಚಿದೆ. ಯಾರೂ ಕೇಳಲಿಲ್ಲ. "ಮೂರ್ಛೆ ರೋಗಾ ಬಂದೈತಿ, ಕಬ್ಬಿಣ ಹಿಡಿಸ್ರಿ" ಎಂದು ಒಬ್ಬರು ಕೀಲಿಗೊಂಚಲು ತಂದು ಅವನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ನಾನು ಅವನ ಎದೆಗೆ ಕಿವಿ ಹಚ್ಚಿ ಕೂತಿದ್ದೆ. ಎದೆಯಲ್ಲಿ ಏನು ಕೇಳಿತೋ ನೆನಪಿಲ್ಲ, ಜನರ ಗದ್ದಲವೇ ಜಾಸ್ತಿಯಿತ್ತು. ನೆನಪಿರುವುದು ಇಷ್ಟು. ಅವನ ಬಲಗಾಲು ಮೆಲ್ಲಗೆ ಅಲುಗಿ, ಹಿಮ್ಮಡಿ ಒಮ್ಮೆ ನೆಲಕ್ಕೆ ತಾಗಿತು.

ಈ ಹೊತ್ತಿಗೆ ಮಲ್ಲಪ್ಪ ಬಂದ. ಬಿದ್ದ ಮೈಕನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಎರಡೂ ಕೈಯಲ್ಲಿ ಹಿಡಿದ.

"ನೋಡ್ರಿ, ಎಲ್ಲಾರೂ ನೋಡ್ರಿ! ನಾ ಹಿಡದೇನಿ. ಎಲ್ಲೈತ್ರಿ ಕರೆಂಟು? ಹೇಳ್ರಿ ಮಾಸ್ತರ, ಎಲ್ಲೈತಿ?"

ಪ್ಲಗ್ಗು ಕಳಚಿ ಬಿದ್ದಿದೆ ಎಂದು ನಾನು ಬೆರಳು ಮಾಡಿ ತೋರಿಸಿದೆ. ಜನ ನನ್ನ ಬೆರಳನ್ನು ನೋಡಿದರೇ ಹೊರತು ಪ್ಲಗ್ಗನ್ನು ನೋಡಲಿಲ್ಲ. ಕಣ್ಣು ತೆರೆದ ಚನಬಸು ನೀರು ಕುಡಿದು, ಸುತ್ತ ನೋಡಿ, ನನ್ನ ಕೈಯಲ್ಲಿದ್ದ ಕುರ್ಚಿಕಾಲು ನೋಡಿ, ಕೇಳಿದ ಮೊದಲ ಮಾತು ಇದು: "ಹಾಡ ಯಾಕ ಕೆಡಿಸಿದ್ಯೋ?"

ಅಂದಿನಿಂದ ನಾನು ಕುರ್ಚಿ ಮಾಸ್ತರ. ಶಾಲೆಯಲ್ಲಿ ನಾನು ಬೋರ್ಡಿಗೆ ತಿರುಗಿದರೆ ಹಿಂದಿನ ಬೆಂಚಿನಿಂದ ಸಣ್ಣಗೆ "ತನಕಾ" ಎಂದು ಕೇಳುತ್ತಿತ್ತು. ರಾಮದುರ್ಗದವರು ಇಂದಿಗೂ, ಆ ಸಂಜೆಯಂಥ ಸ್ವರ ಮತ್ತೆ ಕೇಳಲಿಲ್ಲ ಎನ್ನುತ್ತಾರೆ. ಒಬ್ಬ ಮನುಷ್ಯ ನಮ್ಮ ಕಣ್ಣೆದುರಿಗೆ ಸಾಯುತ್ತಿದ್ದ ಸ್ವರ ಅದು! ಇದನ್ನು ಹೇಳಿದರೆ, "ಇರಬಹುದ್ರಿ, ಆದ್ರ ಏನ್ ಕಂಪನ ಅದು!" ಎಂದು ತಲೆದೂಗುತ್ತಾರೆ. ಇಂಥವರ ಜೊತೆ ಹೇಗೆ ಬದುಕುವುದು ಹೇಳಿ.

ಇವರೆಲ್ಲ ಹೋಗಲಿ, ಚನಬಸುವಾದರೂ ಒಪ್ಪಬೇಕಿತ್ತಲ್ಲ? ಅವನ ಬಲ ಅಂಗೈಗೆ ಅಡ್ಡಲಾಗಿ ಸುಟ್ಟ ಗೆರೆ ಬಿದ್ದಿತ್ತು. ಅದನ್ನು ಅವನಿಗೇ ತೋರಿಸಿದೆ.

"ಕುಡಗೋಲಿಂದು ಇರಬೇಕಲೇ. ನನಗೇನೂ ನೆನಪಿಲ್ಲ" ಎಂದ.

"ನೆನಪಿಲ್ಲಂದ್ರ ಬಿಡು. ಮುಂದ ರಬ್ಬರ ಚಪ್ಪಲಿ ಹಾಕ್ಕೊಂಡು ಹಾಡು."

"ಚಪ್ಪಲಿ ಮೆಟ್ಟಿ ಹಾಡ್ಲ್ಯಾ? ನಿನಗ ಖರೇನ ತಲಿ ಕೆಟ್ಟೈತಿ." ಹಾಡುವ ಜಾಗಕ್ಕೆ ಚಪ್ಪಲಿ ಹಾಕಿ ಹೋಗುವುದೆಂದರೆ ಅವನಿಗೆ ಗುಡಿಯೊಳಗೆ ಉಗುಳಿದಂತೆ. ನಾವು ಜಗಳವಾಡಿ ಬೇರೆ ಬೇರೆ ಬಸ್ಸು ಹತ್ತಿದೆವು.

ದೀಪಾವಳಿ ಮುಗಿದ ಮೇಲೆ ಬೈಲಹೊಂಗಲದ ಹತ್ತಿ ಮಾರುಕಟ್ಟೆಯಲ್ಲಿ ಒಂದು ಕಾರ್ಯಕ್ರಮ. ಮೂರನೆಯ ಪ್ಲೇಟಿಗೆ ಮುಂಬಯಿಯಿಂದ ಕರೆ ಬಂದಿದೆ, ಅದರ ಸಂತೋಷಕ್ಕೆ ಊರಿನವರು ಇಟ್ಟಿದ್ದು. ಹೋಗಬಾರದೆಂದುಕೊಂಡು ಹೋದೆ. ಕುರ್ಚಿ ಮಾಸ್ತರ ಬಂದ ಎಂದು ಒಬ್ಬ ತನ್ನ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡ. ಚನಬಸು ಬಂದು ನಿಂತ. ಮೈಕಿನಿಂದ ಒಂದು ಮಾರು ದೂರ ನಿಂತ. ಎರಡೂ ಕೈ ಬೆನ್ನ ಹಿಂದೆ. ಪ್ಲೇಟಿನ ಫೋಟೋದಲ್ಲಿ ಇದ್ದ ಹಾಗೆಯೇ. ಆದರೆ ಈ ಸಲ ಕೋಟಿನ ತೋಳಿಗಾಗಿ ಅಲ್ಲ.

ಹಾಡು ಎರಡನೆಯ ಸಾಲಿಗೂ ಕೇಳಿಸಲಿಲ್ಲ. "ಮುಂದ ಬರ್ರಿ, ಮುಂದ ಬರ್ರಿ" ಎಂದು ಜನ ಕೂಗಿದರು. ಅವನು ಒಂದು ಹೆಜ್ಜೆ ಇಟ್ಟ, ನಿಂತ. ನಕ್ಕ. ಹಣೆಯ ಬೆವರು ಒರಸಿಕೊಂಡ. ಮತ್ತೆ ಕೈ ಹಿಂದಕ್ಕೆ ಹೋಯಿತು. ಅವನ ಹಿಮ್ಮಡಿ ತಾಳವಿಲ್ಲದೆ ಸುಮ್ಮನೆ ನೆಲ ಕೆರೆಯುತ್ತಿತ್ತು. ನೆನಪಿಲ್ಲ ಎಂದಿದ್ದ ಸುಳ್ಳ! ಎಲ್ಲ ನೆನಪಿತ್ತು ಅವನಿಗೆ. ಮೈಕನ್ನು ಕಂಡರೆ ನಡುಗುವವನು ಮುಂಬಯಿಗೆ ಹೋಗಿ ಯಾರ ಮುಂದೆ ಹಾಡುತ್ತಾನೆ? ಅಲ್ಲಿ ಆ ಕೋಣೆಯಲ್ಲಿ ಮೈಕು ಬಿಟ್ಟರೆ ಬೇರೆ ಯಾರಿರುತ್ತಾರೆ?

ನಮ್ಮ ಮನೆ ಮಾರುಕಟ್ಟೆಯ ಹಿಂದೆಯೇ. ಓಡಿದೆ. ಗಿರಿಜಾ ನೆಂಟರಿಗೆ ಬಡಿಸಲು ಮಣೆ ಹಾಕುತ್ತಿದ್ದಳು. ಒಂದನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡೆ.

"ಅಯ್ಯ, ಎಲ್ಲಿಗ್ರಿ? ನಮ್ಮಪ್ಪಾರು ಕುಂದರೋ ಮಣಿ ಅದು!"

"ಈಗ ತರ್ತೇನಿ" ಎಂದೆ. ಆ "ಈಗ" ಇನ್ನೂ ಬಂದಿಲ್ಲ.

ಜನರ ನಡುವೆ ಮಣೆ ಹೊತ್ತುಕೊಂಡು ಬಂದವನನ್ನು ನೋಡಿ, "ಕುರ್ಚಿ ಹೋಗಿ ಮಣಿ ಬಂತು ಬರ್ರೋ!" ಎಂದು ಯಾರೋ ಕೂಗಿದರು. ನಾನು ಕಟ್ಟೆ ಹತ್ತಿ ಮೈಕಿನ ಮುಂದೆ ಮಣೆ ಇಟ್ಟೆ.

"ನಿಂದ್ರು ಇದರ ಮ್ಯಾಲೆ. ಒಣ ಕಟಗಿ. ಏನೂ ಆಗೂದಿಲ್ಲ."

ಅವನು ಮಣೆಯನ್ನೂ ನನ್ನನ್ನೂ ನೋಡಿದ. "ಉಣ್ಣೂ ಮಣಿ ಮ್ಯಾಲೆ ಕಾಲಿಡ್ಲ್ಯಾ?"

"ಮದವಿ ಮಣಿ ಮ್ಯಾಲೆ ನಿಂತಿದ್ದಿಲ್ಲೇನು? ನಿಂದ್ರು. ನಡಕ ನಿಂದ್ರು, ಹೂವಿನ ಮ್ಯಾಲೆ ಕಾಲ ಇಡಬ್ಯಾಡ."

ಹಿತ್ತಾಳೆ ವಾಹಕವೆಂಬ ಕಾರಣಕ್ಕೆ ನಾನು ಹಾಗೆ ಹೇಳಿದ್ದು. ಹೂವಿನ ಮೇಲಿನ ಭಕ್ತಿಯೆಂದು ಅವನು ತಿಳಿದದ್ದು. ಬಾಗಿ ಮಣೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದ. ಹಿಮ್ಮಡಿಯಿಂದ ಒಮ್ಮೆ ಬಡಿದು ನೋಡಿದ. ಕಲ್ಲಿನ ಮೇಲೆ ಧಪ್ ಎನ್ನುತ್ತಿದ್ದದ್ದು ಕಟ್ಟಿಗೆಯ ಮೇಲೆ ಟಕ್ ಎಂದಿತು. ಅವನಿಗೆ ಆ ಸಪ್ಪಳ ಹಿಡಿಸಿತು. ಇನ್ನೊಮ್ಮೆ ಬಡಿದ. ಆಮೇಲೆ ಮೈಕಿನ ಹತ್ತಿರ ಬಾಯಿ ತಂದ.

ಆ ಸಂಜೆಯ ಹಾಡನ್ನು ನಾ ಬಣ್ಣಿಸುವುದಿಲ್ಲ. "ತನಕಾ" ಬಂದಾಗ ಜನ "ಸೂಜಿ ಎತ್ರಿ!" ಎಂದರು. ರುದ್ರಪ್ಪ ಚಪ್ಪಾಳೆ ಬಡಿದ. ನಾನು ಎದ್ದು ನಿಂತಿದ್ದೆ, ಅದು ಎಲ್ಲರಿಗೂ ಕಂಡಿತ್ತು. ಚನಬಸು ಸ್ವರ ಹಿಡಿದುಕೊಂಡೇ ನನ್ನ ಕಡೆ ತಿರುಗಿ, ಕಾಲು ಎತ್ತೆತ್ತಿ, ಮಣೆ ಮುರಿಯುವ ಹಾಗೆ ಬಡಿದ. ಟಕ್, ಟಕ್, ಟಕ್. ನಾನು ಕೂತೆ. ಆಗ ಅವನು ಸ್ವರ ಬಿಟ್ಟ.

ಮಣೆ ತರಲು ಮರುದಿನ ಹೋದರೆ ಚನಬಸು ಊರಲ್ಲಿರಲಿಲ್ಲ. ಯಾರನ್ನೂ ಕೇಳದೆ, ಮಣೆಯನ್ನು ಚಾದರದಲ್ಲಿ ಸುತ್ತಿಕೊಂಡು, ಮುಂಬಯಿಗೆ ಹೊತ್ತುಕೊಂಡು ಹೋಗಿದ್ದ. ಬಂದ ಮೇಲೆ ಕೇಳಿದೆ.

"ಅಲ್ಲೇ ಬಿಟ್ಟ ಬಂದೇನಿ. ಮತ್ತ ಕರೀತಾರಲ್ಲ, ಹೊತ್ತಕೊಂಡು ಹೋಗೋದು ಯಾಕ?"

"ಅದು ಗಿರಿಜಾನ ತವರ ಮಣಿಯೋ!"

"ಗಿರಿಜಾ ವೈನಿಗೆ ಹೇಳು, ಪ್ಲೇಟಿನ್ಯಾಗ ಐತಿ ಅಂತ."

ಮೂರನೆಯ ಪ್ಲೇಟು ಬಂತು. ಬಸ್ಸಿನ ಹಾಡನ್ನು ಅದರಲ್ಲಿ ಮತ್ತೊಮ್ಮೆ ಹಾಡಿದ್ದಾನೆ. ರುದ್ರಪ್ಪ ಅದನ್ನು ಒಂದು ದಿನ ಹಾಕಿ, ಕೊಂಡ ಅಂಗಡಿಗೆ ವಾಪಸು ಒಯ್ದ. "ಕೆಟ್ಟದ್ದು ಕೊಟ್ಟೀರಿ. ಇದರಾಗ ಯಾರೋ ಬಾಗಲಾ ಬಡ್ಯಾಕ್ಹತ್ಯಾರ" ಎಂದು ಜಗಳ ತೆಗೆದ. ಸವದತ್ತಿಯ ಮಾವ ಕೂಡ, "ಹಾಡ ಛಲೋ ಐತಿ, ಆ ಬಡಿಗ್ಯಾನ್ನ ಹೊರಗ ಕಳಸಬೇಕಿತ್ತು" ಎಂದ. ಮುಂದೆ ಚನಬಸು ದೊಡ್ಡವನಾದ, ಕ್ಯಾಸೆಟ್ಟುಗಳು ಬಂದವು, ಹಿಂದೆ ಪಿಟೀಲಿನ ಗುಂಪು ಬಂತು, ಕಾಲಡಿಗೆ ಮೆತ್ತನೆಯ ಹಾಸು ಬಂತು. ಅವನ್ನೆಲ್ಲ ನಾನು ಕೇಳಲಾರೆ. ಸ್ವರ ಹಿಡಿದಾಗ ಕೆಳಗೆ ಏನೂ ಕೇಳಿಸದಿದ್ದರೆ, ಅವನು ಹಾಡುತ್ತಿದ್ದಾನೋ ಏನೋ ನನಗೆ ಹೇಗೆ ತಿಳಿಯಬೇಕು? ನನಗೆ ಆ ಮೊದಲ ಮೂರೇ ಸಾಕು.

ಮೂರರಲ್ಲೂ ಹೆಚ್ಚು ಹಾಕುವುದು ಕೊನೆಯದನ್ನು. ಈಗ ನನ್ನದೇ ಪೆಟ್ಟಿಗೆ ಇದೆ. ಹಬ್ಬದ ಮಧ್ಯಾಹ್ನ ಊಟ ಮುಗಿದು, ನೆಂಟರು ಒರಗಿಕೊಂಡ ಮೇಲೆ ಹಚ್ಚುತ್ತೇನೆ. "ನೀ ಬರೋ ತನಕಾ" ಬಂದಾಗ, ಎಷ್ಟೇ ಗಟ್ಟಿ ಮನಸ್ಸು ಮಾಡಿದರೂ, ಎದ್ದುಬಿಡುತ್ತೇನೆ. ಕೈ ಕುರ್ಚಿ ಹುಡುಕುತ್ತದೆ. ಅಡಿಗೆಮನೆಯಲ್ಲಿ ಮಣೆ ಒರಸಿ ಗೋಡೆಗೆ ಒರಗಿಸುತ್ತಿರುವ ಗಿರಿಜಾ ಹೊರಳಿ ನೋಡುವುದಿಲ್ಲ. ಅಲ್ಲಿಂದಲೇ ಕೇಳುತ್ತಾಳೆ.

"ಬಡ್ಯಾಕ್ಹತ್ತೈತೇನ್ರಿ ನಮ್ಮ ಮಣಿ?"

ನಾನು ಕಿವಿಗೊಡುತ್ತೇನೆ.

"ಬಡ್ಯಾಕ್ಹತ್ತೈತಿ."

"ಹಂಗಾರ ಕೂಡ್ರಿ."